ಅಕ್ಕನಿಗೆ ಹಾಕಲಾಗದ ಬಿಲ್ಲೆ

ಹದಿನೇಳನೆಯ ಸಲವೂ ಔಷಧಿಯೆಲ್ಲ ಮೊದಲ ದಿನವೇ ಸೋರಿಹೋಗಿತ್ತು. ಪ್ರಯೋಗಾಲಯದ ಕಂಪ್ಯೂಟರಿನಲ್ಲಿ ಸೋರಿಕೆ ತೋರಿಸುವ ಗೆರೆ ಗೋಡೆ ಹತ್ತಿದಂತೆ ನೆಟ್ಟಗೆ ಏರಿ, ಆಮೇಲೆ ಅಡ್ಡ ಮಲಗಿಬಿಟ್ಟಿತ್ತು. ಮೂವತ್ತಾರು ದಾಟಿದರೂ ಮನೆಯವರ ಬಾಯಲ್ಲಿ ಪುಟ್ಟಿಯಾಗಿಯೇ ಉಳಿದಿದ್ದ ಸಂಶೋಧಕಿಗೆ ಅದನ್ನು ನೋಡಿ ಮೈಯೆಲ್ಲ ಉರಿಯಿತು.

ಮೂರು ವರ್ಷದಿಂದ ಅವಳು ಮಾಡುತ್ತಿದ್ದುದು ಉಗುರಗಲದ ಒಂದು ತೆಳು ಬಿಲ್ಲೆ. ಬರಿಗಣ್ಣಿಗೆ ಒದ್ದೆ ಕಾಗದದ ಚೂರು. ಸೂಕ್ಷ್ಮದರ್ಶಕದಡಿ ಇಟ್ಟರೆ ಬಳ್ಳಿಗೆ ಕಟ್ಟಿದ ಹಂದರ. ಬಾಯೊಳಗಿನ ಗಾಯದ ಮೇಲೆ ಕೂರಿಸಿದರೆ, ಜೀವಕೋಶಗಳನ್ನು ಬೆಳೆಯಲು ಹುರಿದುಂಬಿಸುವ ಪ್ರೋಟೀನು ಅದರಿಂದ ಹತ್ತು ದಿನ ಹನಿಹನಿಯಾಗಿ ಇಳಿಯಬೇಕು, ಹೊಸ ಚರ್ಮ ಆ ಹಂದರ ಹಿಡಿದು ಹಬ್ಬಬೇಕು. ಆದರೆ ಜೊಲ್ಲು ತಾಗಿದ್ದೇ ತಡ, ಎಲ್ಲ ಒಂದೇ ಏಟಿಗೆ ಖಾಲಿ.

ಬೇರೆ ಕಾಲವಾಗಿದ್ದರೆ ಗೊಣಗುತ್ತ ಹದಿನೆಂಟನೆಯದಕ್ಕೆ ಕೈ ಹಾಕುತ್ತಿದ್ದಳು. ಈಗ ಮನೆಯಲ್ಲಿ ಅಕ್ಕ ಇದ್ದಳು. ಒಂದೂವರೆ ತಿಂಗಳ ಹಿಂದೆ ಅವಳ ಕೆನ್ನೆಯ ಒಳಗಿಂದ ಕ್ಯಾನ್ಸರ್ ಗಡ್ಡೆ ತೆಗೆದಿದ್ದರು. ಗಾಯ ಇನ್ನೂ ಕೂಡಿರಲಿಲ್ಲ. ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೊತ್ತು ಹೇಳುವುದು ಅಕ್ಕನ ಕೆಲಸ. ಮನೆಯಲ್ಲೂ ಬಾಯಿಗೆ ಬಿಡುವಿಲ್ಲದ್ದರಿಂದ ಎಲ್ಲರಿಗೂ ಅವಳು ರೇಡಿಯೋ. ಈಗ ಕೊಳವೆಯಲ್ಲಿ ಹಾಲು ಹೀರುತ್ತ ಕೂತಿರುತ್ತಿದ್ದಳು.

"ನಿನ್ನ ಬಿಲ್ಲೆ ತಂದು ಹಾಕೇ ಪುಟ್ಟಿ," ಅಂದಳು ಅಕ್ಕ, ಹಲ್ಲು ಬಿಡಿಸದೆ.

"ಅದಿನ್ನೂ ಸರಿಹೋಗಿಲ್ಲ ಅಕ್ಕಾ."

"ನಾನೂ ಸರಿಹೋಗಿಲ್ಲ. ಒಳ್ಳೇ ಜೋಡಿ."

ಪುಟ್ಟಿ ಹಟಕ್ಕೆ ಬಿದ್ದಳು. ಹಂದರಕ್ಕೆ ಎರಡು ಪದರ ಲೇಪ ಕೊಟ್ಟಳು, ಸೋರಿತು. ಮೂರು ಕೊಟ್ಟಳು, ಪ್ರೋಟೀನು ಹೊರಗೇ ಬರಲಿಲ್ಲ. ಇಪ್ಪತ್ತೊಂದನೆಯ ಸಲ ಅದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳೊಳಗೆ ಬಚ್ಚಿಟ್ಟು ಹಂದರದಲ್ಲಿ ಸೇರಿಸಿದಾಗ, ಗೆರೆ ಹತ್ತು ದಿನವೂ ಒಂದೇ ಸಮನೆ ಏರಿತು. ಅವಳು ಎದ್ದವಳೇ ಪ್ರೊಫೆಸರರ ಕೋಣೆಗೆ ಓಡಿದಳು.

"ಸಂತೋಷ ಕಣಮ್ಮ," ಅಂದರು ಅವರು. "ಪ್ರಾಣಿಗಳ ಮೇಲಿನ ಪರೀಕ್ಷೆ ಮುಗಿದು ಮನುಷ್ಯರ ಹತ್ತಿರ ಬರೋಕೆ ಇನ್ನೂ ಒಂದು ವರ್ಷ."

"ನಮ್ಮಕ್ಕನಿಗೆ ಸ್ವಲ್ಪ ಬೇಗ..."

ಅವರು ಪರೀಕ್ಷೆಯ ಕಡತ ತೆರೆದು ಅವಳ ಕಡೆ ತಿರುಗಿಸಿದರು. ಯಾರಿಗೆ ಹಾಕಬಾರದು ಎಂಬ ಪಟ್ಟಿ. ಮೊದಲ ಸಾಲಿನಲ್ಲೇ ಇತ್ತು: ಬಾಯಿಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಆದವರು.

"ಬೆಳಿ ಅಂತ ಹೇಳೋ ಪ್ರೋಟೀನಮ್ಮ ಇದು. ಒಳ್ಳೇ ಕೋಶ ಯಾವುದು, ಉಳಿದುಕೊಂಡಿರೋ ಕೆಟ್ಟದ್ದು ಯಾವುದು ಅಂತ ಅದಕ್ಕೆ ತಿಳಿಯಲ್ಲ. ಬರೆದಿದ್ದು ನೀನೇ."

ಅವಳೇ ಬರೆದಿದ್ದಳು, ಅಕ್ಕನಿಗೆ ಗಡ್ಡೆ ಕಾಣಿಸಿಕೊಳ್ಳುವ ಮುಂಚೆ. ಗಡ್ಡೆ ಕಂಡಮೇಲೆ ಆ ಸಾಲಿನ ಕಡೆ ಬೇಕೆಂದೇ ಕಣ್ಣು ಹಾಯಿಸಿರಲಿಲ್ಲ.

ಸಂಜೆ ಎಲ್ಲ ಹೇಳಿದಾಗ ಅಕ್ಕ ಲೋಟ ಕುಕ್ಕಿದಳು.

"ಹಾಗಾದ್ರೆ ಮೂರು ವರ್ಷ ಯಾರಿಗೇ ಮಾಡಿದ್ದು?"

"ಹಲ್ಲು ಕೀಳಿಸಿಕೊಂಡೋರಿಗೆ, ಬಿದ್ದು ಬಾಯಿ ಹರಿದುಕೊಂಡೋರಿಗೆ..."

"ಅವರಿಗೆ ತಾನಾಗೇ ವಾಸಿ ಆಗುತ್ತಲ್ಲೇ!"

ಎಲ್ಲರಿಗೂ ಹಾಗೆ ಆಗೋದಿಲ್ಲ ಎಂದು ವಿವರಿಸಬಹುದಿತ್ತು. ಪುಟ್ಟಿ ಚೆಲ್ಲಿದ ಹಾಲು ಒರೆಸಿದಳು.

ಅಕ್ಕನ ಗಾಯ ನಾಲ್ಕನೆಯ ತಿಂಗಳು ತಾನಾಗಿಯೇ ಕೂಡಿತು, ಆದರೆ ಕೆನ್ನೆಯನ್ನು ಒಳಕ್ಕೆ ಎಳೆದುಕೊಂಡು ಕೂಡಿತು. ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯಲಿಲ್ಲ. ಅದನ್ನು ಹಿಗ್ಗಿಸಲೆಂದು ದಿನಾ ಬೆಳಿಗ್ಗೆ ಹಲ್ಲುಗಳ ನಡುವೆ ಮರದ ಕಡ್ಡಿಗಳನ್ನು ಒಂದರ ಮೇಲೊಂದು ತುರುಕಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ಕೂತಿರುತ್ತಿದ್ದಳು. ಮೈಕಿನ ಕೆಲಸ ಬೇರೆಯವರ ಪಾಲಾಯಿತು. ಅವಳನ್ನು ಟಿಕೆಟ್ ಕಿಟಕಿಗೆ ಹಾಕಿದರು.

ಮರುವರ್ಷ ಮೊದಲ ಬಿಲ್ಲೆ ಸಕ್ಕರೆ ಕಾಯಿಲೆಯ ಒಬ್ಬ ದರ್ಜಿಯ ಅಂಗುಳಕ್ಕೆ ಬಿತ್ತು. ಎರಡು ತಿಂಗಳಿಂದ ಮಾಯದ ಗಾಯ ಹನ್ನೊಂದು ದಿನಕ್ಕೆ ಮುಚ್ಚಿತು. ಪ್ರಯೋಗಾಲಯದಲ್ಲಿ ಎಲ್ಲರೂ ಪುಟ್ಟಿಯ ಕೈ ಕುಲುಕಿದರು. ಅವಳು ಮನೆಗೆ ಬಂದು, ಚಪ್ಪಲಿ ಬಿಚ್ಚುತ್ತಲೇ ಸುದ್ದಿ ಹೇಳಿದಳು.

ಅಕ್ಕ ಕಿಟಕಿಯ ಕಡೆ ತಿರುಗಿದಳು.

"ನನಗೂ ಖುಷಿ ಆಗುತ್ತೆ ಕಣೇ," ಅಂದಳು. "ನಾಳೆ ಆಗುತ್ತೆ. ಇವತ್ತು ಸುಮ್ಮನಿರು."

ಪುಟ್ಟಿ ಅಡುಗೆಮನೆಗೆ ಹೋಗಿ, ಎಲ್ಲರೂ ಕುಲುಕಿದ ಕೈ ತೊಳೆದುಕೊಂಡಳು.