ಲಾಗ್‌ನಲ್ಲಿ ಬಿಟ್ಟ ಸಾಲು

ಗಂಗಾಧರಯ್ಯನವರಿಗೆ ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಿ ನಿಲಯ ನಡೆಸುವ ಲೈಸೆನ್ಸ್ ಬಂದದ್ದು ಎಪ್ಪತ್ತೊಂಬತ್ತರಲ್ಲಿ. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಟೂಲ್ ರೂಮಿನ ಸೂಪರ್‌ವೈಸರ್ ಆಗಿದ್ದ ಅವರು ಟ್ರಾನ್ಸ್‌ಮಿಟರನ್ನು ಕೈಯಾರೆ ಕಟ್ಟಿದ್ದರು. ಕುರುಬರಹಳ್ಳಿಯ ಮನೆಯ ತಾರಸಿಯಲ್ಲಿ ಶೀಟು ಹೊದಿಸಿದ ಒಂದು ಕೋಣೆ. ಅಲ್ಲಿಂದ ಪಕ್ಕದ ಮನೆಯ ತೆಂಗಿನಮರದವರೆಗೆ ಎಳೆದ ತಂತಿಯೇ ಆಂಟೆನಾ. ಕಾರ್ಖಾನೆಯಿಂದ ಬಂದು ಕೈಕಾಲು ತೊಳೆದು ಮೇಲೆ ಹತ್ತಿದರೆ ಊಟಕ್ಕೆ ಕರೆಯುವವರೆಗೂ ಇಳಿಯುತ್ತಿರಲಿಲ್ಲ.

ಅವರ ಹೆಂಡತಿ ಶಿವಗಂಗಮ್ಮ ತಾರು ಕಚೇರಿಯಲ್ಲಿ ಟೆಲಿಗ್ರಾಫಿಸ್ಟ್. ಹದಿನೆಂಟು ವರ್ಷಗಳಿಂದ ದಿನಕ್ಕೆ ಎಂಟು ಗಂಟೆ ಮೋರ್ಸ್‌ನ ಚುಕ್ಕಿ ಗೆರೆಗಳನ್ನು ಕೇಳಿ ಕೇಳಿ ಆಕೆಗೆ ಆ ಸದ್ದಿನ ಮೇಲೆ ಯಾವ ಮೋಹವೂ ಉಳಿದಿರಲಿಲ್ಲ. ಗಂಡ ಅದನ್ನೇ ಖುಷಿಗಾಗಿ ಮಾಡುವುದು ಆಕೆಗೆ ವಿಚಿತ್ರವಾಗಿ ಕಾಣುತ್ತಿತ್ತು. ಆದರೆ ಬೇಡವೆಂದು ಒಂದು ದಿನವೂ ಅಂದವರಲ್ಲ.

ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಅಖಿಲ ಭಾರತ ಮಟ್ಟದ ಒಂದು ಮೋರ್ಸ್ ಸ್ಪರ್ಧೆ ನಡೆಯುತ್ತಿತ್ತು. ಶನಿವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ಎಷ್ಟು ನಿಲಯಗಳನ್ನು ಸಂಪರ್ಕಿಸುತ್ತೀರೋ ಅಷ್ಟು ಅಂಕ. ಎಷ್ಟು ರಾಜ್ಯ, ಕೇಂದ್ರಾಡಳಿತ ಪ್ರದೇಶಗಳು ಸಿಕ್ಕವೋ ಅಷ್ಟರಿಂದ ಆ ಅಂಕವನ್ನು ಗುಣಿಸುತ್ತಾರೆ. ಪ್ರತಿ ಸಂಪರ್ಕದಲ್ಲೂ ಇಬ್ಬರೂ ಅದು ತಮ್ಮ ಎಷ್ಟನೆಯ ಸಂಪರ್ಕವೆಂಬ ಕ್ರಮಸಂಖ್ಯೆ ಹೇಳಬೇಕು, ಎದುರಿನವರದನ್ನು ಕೇಳಿ ಲಾಗ್ ಎಂಬ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಗಂಗಾಧರಯ್ಯ ಎರಡು ವರ್ಷ ಎರಡನೇ ಸ್ಥಾನದಲ್ಲಿ ನಿಂತಿದ್ದರು. ಎರಡು ಸಲವೂ ಕೊಯಮತ್ತೂರಿನ ಒಬ್ಬರೇ ಅವರನ್ನು ಹಿಂದೆ ಹಾಕಿದ್ದರು.

ಎಂಬತ್ತೈದರ ಸ್ಪರ್ಧೆಯ ಭಾನುವಾರ ಮಧ್ಯಾಹ್ನ ಎರಡೂವರೆಗೆ ಅವರಿಗೆ ಪೋರ್ಟ್ ಬ್ಲೇರ್‌ನ ಒಂದು ನಿಲಯ ಕೇಳಿಸಿತು. ಅಂಡಮಾನಿನಿಂದ ಆ ವರ್ಷ ಪಾಲ್ಗೊಂಡಿದ್ದದ್ದು ಅದೊಂದೇ. ನಲವತ್ತು ನಿಮಿಷ ಕೀಲಿ ಒತ್ತಿ ಕರೆದ ಮೇಲೆ ಉತ್ತರ ಬಂತು. ಸದ್ದು ಕ್ಷೀಣವಾಗಿತ್ತು, ಅಲೆಯಂತೆ ಬಂದು ಹೋಗುತ್ತಿತ್ತು. ಸಂಖ್ಯೆಯ ಮೊದಲ ಒಂದು, ಕೊನೆಯ ಏಳು ಸ್ಪಷ್ಟ. ನಡುವಿನದು ಮಾತ್ರ ಗೊರಗೊರದಲ್ಲಿ ಮುಳುಗುತ್ತಿತ್ತು. ಐದು ಚುಕ್ಕಿಯಾದರೆ ಐದು, ನಾಲ್ಕು ಚುಕ್ಕಿಯ ಕೊನೆಗೆ ಒಂದು ಗೆರೆ ಇದ್ದರೆ ನಾಲ್ಕು. ಮೂರು ಸಲ ಮತ್ತೆ ಹೇಳಿ ಎಂದು ಕೇಳಿದರು. ಮೂರು ಸಲವೂ ಬಾಲವೇ ಸಿಗಲಿಲ್ಲ.

ಕಿವಿ ಬೆವೆತಿದೆಯೆಂದು ಅವರು ಹೆಡ್‌ಫೋನ್ ತೆಗೆದು ಸ್ಪೀಕರ್ ಹಾಕಿದ್ದರು. ಕಾಫಿ ತಂದ ಶಿವಗಂಗಮ್ಮ ಬಾಗಿಲಲ್ಲೇ ನಿಂತರು.

"ನೂರಾ ನಲವತ್ತೇಳು," ಎಂದರು.

ಗಂಗಾಧರಯ್ಯ ೧೪೭ ಎಂದು ಬರೆದು, ಬಂತು ಎಂದು ಕೀಲಿ ಒತ್ತಿ, ತಮ್ಮ ಸಂಖ್ಯೆ ಕಳಿಸಿದರು. ಆ ಕಡೆಯಿಂದ ಧನ್ಯವಾದ ಬಂತು. ಆಮೇಲೆಯೇ ಅವರು ಹೆಂಡತಿಯ ಕಡೆ ತಿರುಗಿ ನಕ್ಕದ್ದು.

"ನಿನ್ ಕಿವಿ ಕಿವಿಯಲ್ಲ ಕಣೇ!"

ಶಿವಗಂಗಮ್ಮ ಲೋಟ ಇಟ್ಟು, ಗೋಡೆಗೆ ಅಂಟಿಸಿದ್ದ ಸ್ಪರ್ಧೆಯ ನಿಯಮಗಳನ್ನು ಓದುತ್ತಿದ್ದರು. "ರೀ, ನೀವು ಯಾವ ವಿಭಾಗದಲ್ಲಿ ಸೇರಿರೋದು? ಒಬ್ಬರೇ ನಡೆಸೋದ್ರಲ್ಲಾ?"

"ಹೂಂ."

"ಕೇಳೋದು, ಕಳಿಸೋದು, ಬರೆಯೋದು ಮೂರೂ ಒಬ್ಬರೇ ಮಾಡಬೇಕು ಅಂತ ಇದೆ ಇಲ್ಲಿ."

"ಒಂದಂಕಿ ಕಣೇ. ಇನ್ನೂರು ಸಂಪರ್ಕದಲ್ಲಿ ಒಂದಂಕಿ."

"ನಮ್ಮ ಆಫೀಸಲ್ಲಾದ್ರೆ ತಂತಿ ಫಾರಮ್ಮಿನ ಮೇಲೆ ಕೇಳಿದವರ ಇನಿಷಿಯಲ್ ಇರಲೇಬೇಕು. ಅರ್ಧ ನಾನು ಕೇಳಿ ಅರ್ಧ ಇನ್ನೊಬ್ಬರು ಕೇಳಿದ್ರೆ ಎರಡು ಇನಿಷಿಯಲ್," ಎಂದು ಹೇಳಿ ಅವರು ಕೆಳಗೆ ಹೋದರು. ಮತ್ತೆ ಆ ಮಾತು ತೆಗೆಯಲಿಲ್ಲ.

ಲೆಕ್ಕ ಸರಳವಾಗಿತ್ತು. ಅಂಡಮಾನ್ ಸೇರಿದರೆ ಇನ್ನೂರಾ ಹನ್ನೆರಡು ಸಂಪರ್ಕ, ಹದಿನೇಳು ಪ್ರದೇಶ: ಮೂರು ಸಾವಿರದ ಆರುನೂರ ನಾಲ್ಕು. ಅದನ್ನು ಬಿಟ್ಟರೆ ಮೂರು ಸಾವಿರದ ಮುನ್ನೂರ ಎಪ್ಪತ್ತಾರು. ಮರುದಿನ ಸಂಜೆ ಗಂಗಾಧರಯ್ಯ ಸೈಕಲ್ ತುಳಿದುಕೊಂಡು ವಿಜಯನಗರಕ್ಕೆ, ಗೆಳೆಯ ಜಗನ್ನಾಥನ ಮನೆಗೆ ಹೋದರು. ಆತ ಬ್ಯಾಂಕಿನ ಗುಮಾಸ್ತ, ಅವರಿಗಿಂತ ಹಳೆಯ ಹ್ಯಾಮ್.

"ಬಾಗಿಲಲ್ಲಿ ನಿಂತು ಹೇಳಿದ್ದು ಯಾರಿಗ್ ಗೊತ್ತಾಗುತ್ತೆ ಗುರು?" ಎಂದ ಜಗನ್ನಾಥ. "ನಮ್ಮ ಮನೇಲಿ ಲಾಗ್ ಬರೆಯೋಳೇ ನನ್ನ ಮಗಳು. ಸುಮ್ಮನೆ ಕಳಿಸು."

ಮನೆಗೆ ಬಂದು ಲಾಗ್‌ನ ಚೊಕ್ಕ ಪ್ರತಿ ಬರೆಯಲು ಕುಳಿತರು. ಕೊನೆಯ ಹಾಳೆಯ ಕೆಳಗೆ, ಈ ನಿಲಯವನ್ನು ನಾನೊಬ್ಬನೇ ನಡೆಸಿದ್ದೇನೆ ಎಂಬ ಸಾಲಿಗೆ ಸಹಿ ಹಾಕಬೇಕಿತ್ತು. ಎರಡು ದಿನ ಆ ಹಾಳೆ ಮೇಜಿನ ಮೇಲೇ ಬಿದ್ದಿತ್ತು. ಮೂರನೆಯ ದಿನ ಆ ಪುಟವನ್ನು ಹರಿದು, ಪೋರ್ಟ್ ಬ್ಲೇರ್‌ನ ಸಾಲು ಬಿಟ್ಟು ಹೊಸದಾಗಿ ಬರೆದು, ಸಹಿ ಹಾಕಿ ಅಂಚೆಗೆ ಹಾಕಿದರು. ಹಾಕಿ ಬಂದವರು ಹೆಂಡತಿಗೆ ಇಷ್ಟೇ ಹೇಳಿದರು: "ತೆಗೆದ್ಬಿಟ್ಟೆ. ಸಮಾಧಾನ ಆಯ್ತಾ?" ಆ ಧ್ವನಿಯಲ್ಲಿ ಸಿಟ್ಟಿತ್ತು. ಶಿವಗಂಗಮ್ಮ ಅಕ್ಕಿ ಆರಿಸುವುದನ್ನು ಮುಂದುವರಿಸಿದರು.

ಮಾರ್ಚಿನಲ್ಲಿ ಫಲಿತಾಂಶ ಬಂತು. ಕೊಯಮತ್ತೂರಿನವರದು ಮೂರು ಸಾವಿರದ ಐನೂರ ಹತ್ತು. ಗಂಗಾಧರಯ್ಯ ಮತ್ತೆ ಎರಡನೆಯವರು. ಸರಿಯಾದದ್ದು ಮಾಡಿದೆನೆಂಬ ನೆಮ್ಮದಿ ಬರಬಹುದೆಂದು ಅವರು ಕಾದರು; ಬರಲಿಲ್ಲ. ಹದಿನೈದು ದಿನ ತಾರಸಿಯ ಕೋಣೆಯ ಬೀಗ ತೆಗೆಯಲಿಲ್ಲ.

ಅದಾದ ಮೇಲೆ ಪೋರ್ಟ್ ಬ್ಲೇರ್‌ನಿಂದ ಒಂದು ಕಾಗದ ಬಂತು. ಬರೆದವರು ಹಲ್ದಾರ್ ಎಂಬುವರು, ಅಲ್ಲಿನ ಶಾಲೆಯೊಂದರಲ್ಲಿ ಮೇಷ್ಟ್ರು. ಇಂಗ್ಲಿಷಿನಲ್ಲಿ ನೀಟಾಗಿ ಹೀಗೆ ಬರೆದಿದ್ದರು:

"ನೀವು ನನ್ನ ಸಂಖ್ಯೆ ಬಂತೆಂದು ತಿಳಿಸಿದಿರಿ, ನಿಮ್ಮದನ್ನೂ ಕೊಟ್ಟಿರಿ. ಆದರೆ ನಿಮ್ಮ ಲಾಗ್‌ನಲ್ಲಿ ನಾನಿಲ್ಲವಂತೆ. ಆದ್ದರಿಂದ ಸಮಿತಿ ನನ್ನ ಲಾಗ್‌ನ ಆ ಸಾಲನ್ನು ನಡೆಯದ ಸಂಪರ್ಕವೆಂದು ಗುರುತು ಹಾಕಿ ಅಂಕ ಕಳೆದಿದೆ. ಕರ್ನಾಟಕದಿಂದ ನನಗೆ ಸಿಕ್ಕಿದ್ದು ನೀವೊಬ್ಬರೇ. ಅಂಕ ಹೋದರೆ ಹೋಗಲಿ. ನಡೆಯದ್ದನ್ನು ಬರೆಯುವವನು ನಾನಲ್ಲ, ಅಷ್ಟು ನಿಮಗೆ ಗೊತ್ತಿರಲಿ."

ಗಂಗಾಧರಯ್ಯ ಅದನ್ನು ನಿಂತೇ ಓದಿದರು, ಮತ್ತೆ ಕುಳಿತು ಓದಿದರು. ತಮ್ಮ ಲಾಗ್ ತಮ್ಮೊಬ್ಬರದೇ ಎಂದುಕೊಂಡಿದ್ದರು. ಅದರ ಒಂದೊಂದು ಸಾಲಿಗೂ ಇನ್ನೊಂದು ಊರಿನ ಇನ್ನೊಂದು ಪುಸ್ತಕದಲ್ಲಿ ಜೋಡಿ ಇರುತ್ತದೆಂಬುದು ಗೊತ್ತಿದ್ದ ವಿಷಯವೇ. ಪುಟ ಹರಿಯುವಾಗ ಮಾತ್ರ ನೆನಪಾಗಿರಲಿಲ್ಲ. ಆ ಹೊತ್ತಿನಲ್ಲಿ ಯೋಚಿಸಿದ್ದು ತಮ್ಮ ಸಹಿಯ ಬಗ್ಗೆ ಮಾತ್ರ.

ಶಿವಗಂಗಮ್ಮ ಡ್ಯೂಟಿ ಮುಗಿಸಿ ಬಂದಾಗ ಕಾಗದವನ್ನು ಕೈಗೆ ಕೊಟ್ಟರು. ಆಕೆ ಓದಿ ಮಡಿಚಿದರು.

"ನೀನೇ ಅಲ್ವಾ ತೆಗೀರಿ ಅಂದಿದ್ದು?" ಎಂದರು ಗಂಗಾಧರಯ್ಯ.

"ನಾನು ತೆಗೀರಿ ಅಂತ ಯಾವಾಗ ಅಂದೆ? ಬಂದ ತಂತೀನ ಬಂದೇ ಇಲ್ಲ ಅನ್ನೋಕಾಗುತ್ತಾ? ಯಾರು ಕೇಳಿದ್ರು ಅಂತ ಬರೀರಿ ಅಂದೆ ಅಷ್ಟೆ."

"ಹಾಗೆ ಬರೆದಿದ್ರೆ ಒಬ್ಬರೇ ನಡೆಸೋ ವಿಭಾಗದಿಂದಲೇ ತೆಗೆದು ಹಾಕ್ತಿದ್ರು ನನ್ನ."

"ಹಾಕಲಿ. ನಿಮ್ಮನ್ನ ತಾನೆ ಹಾಕ್ತಿದ್ದಿದ್ದು, ಆ ಮೇಷ್ಟ್ರನ್ನಲ್ಲವಲ್ಲ?"

ಗಂಗಾಧರಯ್ಯ ಕಾಗದವನ್ನು ಮತ್ತೆ ಬಿಡಿಸಿ ನೋಡಿ, "ಆ ಮೇಷ್ಟ್ರು ನನ್ನ ಬಗ್ಗೆ ಏನಂದ್ಕೊಂಡಿರ್ತಾರೆ," ಎಂದರು.

"ಮೊದಲು ಅವರಿಗೆ ಬರೀರಿ. ಆಮೇಲೆ ಅಂದ್ಕೊಳ್ಳಲಿ."

ಆ ಸಂಜೆಯೇ ಎರಡು ಕಾಗದ ಬರೆದರು. ಹಲ್ದಾರರಿಗೆ ಬರೆದದ್ದು ಚಿಕ್ಕದು: ಸಂಪರ್ಕ ನಡೆದದ್ದು ನಿಜ, ತಪ್ಪು ನನ್ನದು, ಕ್ಷಮಿಸಿ. ಸಮಿತಿಗೆ ಎರಡು ಪುಟ. ನಡೆದದ್ದನ್ನೆಲ್ಲ ಹೊತ್ತಿನ ಸಮೇತ ಹೇಳಿ, ಮೂಲ ಪುಸ್ತಕದ ಆ ಪುಟವನ್ನೂ ಲಗತ್ತಿಸಿದರು. ಸಂಖ್ಯೆಯ ನಡುವಿನ ಅಂಕಿ ಕೇಳಿದವರು ನನ್ನ ಪತ್ನಿ ಶಿವಗಂಗಮ್ಮ, ಟೆಲಿಗ್ರಾಫಿಸ್ಟ್ ಎಂದು ಬರೆದು, ಆಕೆಯ ಸಹಿಯನ್ನೂ ಹಾಕಿಸಿದರು. ಶಿವಗಂಗಮ್ಮ ಅಭ್ಯಾಸಬಲದಿಂದ ಪೂರ್ತಿ ಹೆಸರಿನ ಬದಲು ಇನಿಷಿಯಲ್ ಹಾಕಿ, ಪಕ್ಕದಲ್ಲಿ ಗಂಟೆ ನಿಮಿಷ ನಮೂದಿಸಿದರು.

ಜೂನ್ ತಿಂಗಳಲ್ಲಿ ಸಮಿತಿಯ ಉತ್ತರ ಬಂತು. ಹಲ್ದಾರರ ಅಂಕ ವಾಪಸು ಕೊಟ್ಟಿದ್ದರು, ಗುರುತು ಅಳಿಸಿದ್ದರು. ಗಂಗಾಧರಯ್ಯನವರ ನಿಲಯವನ್ನು ಒಬ್ಬರಿಗಿಂತ ಹೆಚ್ಚು ಜನ ನಡೆಸುವ ವಿಭಾಗಕ್ಕೆ ವರ್ಗಾಯಿಸಿದ್ದರು. ಎರಡನೇ ಸ್ಥಾನದ ಪ್ರಮಾಣಪತ್ರವನ್ನು ಹಿಂದಿರುಗಿಸಬೇಕೆಂದೂ ಕೇಳಿದ್ದರು. ಹೊಸ ವಿಭಾಗದಲ್ಲಿ ಮೊದಲ ಸ್ಥಾನ ಒಂದು ಇಂಜಿನಿಯರಿಂಗ್ ಕಾಲೇಜಿನ ಎಂಟು ಹುಡುಗರದು. ಅವರ ಅಂಕ ಏಳು ಸಾವಿರ ದಾಟಿತ್ತು. ಅಲ್ಲಿ ಒಟ್ಟು ಇದ್ದವೇ ಐದು ನಿಲಯ. ಗಂಗಾಧರಯ್ಯ ಐದನೆಯವರು.

ಜಗನ್ನಾಥ ಇದನ್ನು ಕೇಳಿ, "ಇಷ್ಟು ವರ್ಷದ ಕಷ್ಟ ನೀರಲ್ಲಿ ಹೋಮ ಮಾಡ್ಕೊಂಡೆಯಲ್ಲ," ಎಂದು ನಕ್ಕ. ಆದರೆ ಆಮೇಲಿನ ಸ್ಪರ್ಧೆಗೆ ಆತನೂ ಮಗಳ ಹೆಸರು ಸೇರಿಸಿಯೇ ಅರ್ಜಿ ಹಾಕಿದನೆಂದು ಕ್ಲಬ್ಬಿನಲ್ಲಿ ಹೇಳುತ್ತಿದ್ದರು.

ಎಂಬತ್ತಾರರ ನವೆಂಬರಿನಲ್ಲಿ ಶಿವಗಂಗಮ್ಮನವರಿಗೆ ಭಾನುವಾರದ ಡ್ಯೂಟಿ ಬಿತ್ತು. ಗಂಗಾಧರಯ್ಯ ಬೆಳಿಗ್ಗೆ ಅನ್ನ ಸಾರು ತಾವೇ ಮಾಡಿಟ್ಟುಕೊಂಡು ಮೇಲೆ ಹತ್ತಿದರು. ಆ ವರ್ಷ ಒಬ್ಬರೇ ನಡೆಸುವ ವಿಭಾಗದಲ್ಲಿ ಅವರಿಗೆ ನಾಲ್ಕನೇ ಸ್ಥಾನ ಬಂತು.