ಅಮಾವಾಸ್ಯೆಯ ಮೂರನೆಯ ದಿನ

ಪುಷ್ಯದ ಚಳಿಗಾಳಿ ಹೊಳೆಯ ಕಡೆಯಿಂದ ಬೀಸುತ್ತಿತ್ತು. ಗಲಗಲಿಯ ಸುತ್ತ ಕಬ್ಬಿನ ಕಟಾವು ಜೋರಾಗಿತ್ತು. ಹೊತ್ತು ಮೂಡುವ ಮೊದಲೇ ಕಬ್ಬು ಕಡಿಯುವ ಗ್ಯಾಂಗಿನವರು ಹೊಲಕ್ಕಿಳಿದಿದ್ದರು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಫ್ಯಾಕ್ಟರಿಯ ದಾರಿ ಹಿಡಿದಿದ್ದವು. ಆ ದಾರಿಯ ಕೆಳಗಿನ ಎರಡೆಕರೆಯಲ್ಲಿ ಮಾತ್ರ ಕೊಯ್ಯುವುದಕ್ಕೆ ಏನೂ ಇರಲಿಲ್ಲ. ಹಿಟ್ಟು ಚೆಲ್ಲಿದ ಹಾಗೆ ನೆಲದ ತುಂಬ ಬೆಳ್ಳನೆಯ ಸವಳುಪ್ಪು.

ಭಾಗವ್ವ ಹುಲ್ಲಿನ ಹೊರೆಯನ್ನು ಬದುವಿನ ಮೇಲೆ ಇಳಿಸಿ, ನೆಲದಲ್ಲಿ ನೆಟ್ಟ ಏಳನೆಯ ಪೈಪಿನ ಮುಚ್ಚಳ ತೆಗೆದಳು. ತುದಿಗೆ ಪುಟ್ಟ ಹಿತ್ತಾಳೆ ಬಟ್ಟಲು ಕಟ್ಟಿದ ಟೇಪನ್ನು ಒಳಗೆ ಬಿಟ್ಟಳು. ಬಟ್ಟಲು ನೀರಿಗೆ ತಾಗಿ 'ಡಬ್' ಎಂದಿತು. ಪೈಪಿನ ಬಾಯಿಯಿಂದ ಮೂವತ್ತನಾಲ್ಕು ಇಂಚು ಕೆಳಗೆ ನೀರು.

"ಏನಂತೈತಿ ನಿನ್ನ ಪೈಪು? ನಾಷ್ಟಾ ಆತಂತೇನ?" ಗಂಡ ಲಗಮಪ್ಪ ದಾರಿಯ ಮೇಲಿಂದಲೇ ಕೇಳಿದ.

"ಅದರದಾಗೈತಿ. ನಿಮ್ಮದ ಮನ್ಯಾಗ ಆರಾಕತ್ತೈತಿ, ಹೋಗ್ರಿ."

ನಗುತ್ತಲೇ ಅಂದಳಾದರೂ ಅವಳ ಎದೆಯಲ್ಲಿ ನಗು ಇರಲಿಲ್ಲ. ಲಗಮಪ್ಪ ಇಟ್ಟಿಗೆ ಭಟ್ಟಿಯವನಿಗೆ ಹೊಲದ ಮಣ್ಣು ಕೊಡುವ ಮಾತು ಕೊಟ್ಟುಬಿಟ್ಟಿದ್ದ. ಯುಗಾದಿ ದಾಟಿದ ಮರುದಿನವೇ ಅವರು ಬಂದು ಮಣ್ಣು ಎತ್ತಬೇಕು. ಒಂಬತ್ತು ವರ್ಷದಿಂದ ಒಂದು ಕಾಳು ಕೊಡದ ಮಣ್ಣು ಇಟ್ಟಂಗಿಯಾದರೂ ಆಗಲಿ ಎಂಬುದು ಅವನ ವಾದ. ಮಣ್ಣು ಹೋದ ಮೇಲೆ ಉಳಿಯುವುದು ಹೊಲವಲ್ಲ, ಬರೀ ಗುಂಡಿ ಎಂಬುದು ಅವಳದು. ಹೊಲ ಸತ್ತಿಲ್ಲ, ಅದಕ್ಕೆ ಏನೋ ಆಗಿದೆ, ಏನಾಗಿದೆ ಎಂದು ತಿಳಿದರೆ ಸಾಕು ಎಂದು ಅವಳು ನಂಬಿದ್ದಳು. ಅದಕ್ಕಾಗಿಯೇ ಎರಡು ವರ್ಷದ ಹಿಂದೆ ಜಮಖಂಡಿಯ ಸಂಶೋಧಕಿ ಮೃಣ್ಮಯಿ ಬಾಯಿಯವರು ಬಂದು, ಮಣ್ಣು-ನೀರಿನ ಅಧ್ಯಯನಕ್ಕೆ ಒಂಬತ್ತು ಪೈಪು ನೆಡುತ್ತೇವೆ, ನೀರಿನ ಮಟ್ಟ ಅಳೆಯುವವರು ಬೇಕು ಎಂದಾಗ ತಾನೇ ಮುಂದೆ ಬಂದಿದ್ದಳು.

ಆ ವಾರ ಮೃಣ್ಮಯಿ ಲ್ಯಾಪ್‌ಟಾಪು ಹಿಡಿದು ಮನೆಗೇ ಬಂದಳು. ಪಡಸಾಲೆಯ ಚಾಪೆಯ ಮೇಲೆ ಕುಳಿತು ಪರದೆಯನ್ನು ಭಾಗವ್ವನ ಕಡೆ ತಿರುಗಿಸಿದಳು.

"ನೋಡ್ರಿ ಅಕ್ಕಾ, ಇದರಾಗ ನಿಮ್ಮ ಹೊಲದಂಥಾದ್ದ ಇನ್ನೊಂದು ಹೊಲಾ ಮಾಡೇನಿ. ಮಳಿ, ಮಣ್ಣು, ಇಳಿಜಾರು ಎಲ್ಲಾ ಹಾಕೇನಿ. ಇಲ್ಲಿ ನೀರು ಬಿಟ್ರ ಅಲ್ಲಿ ಪೈಪಿನ್ಯಾಗ ಎಷ್ಟ ಏರತೈತಿ ಅಂತ ಇದು ಹೇಳಬೇಕು. ಎಂಟು ಪೈಪಿಂದು ಬರೋಬರಿ ಹೇಳತೈತಿ. ಏಳನೇದ್ದೊಂದ ಕೂಡವಲ್ದು. ಅದ ಸುಳ್ಳ ಹೇಳತೈತೋ ಏನೋ."

"ಪೈಪ್ಯಾಕ ಸುಳ್ಳ ಹೇಳತೈತ್ರಿ ಬಾಯಾರ? ಅದಕ್ಕೇನ ಇಲೆಕ್ಷನ್ನಿಗೆ ನಿಲ್ಲೂದೈತೇನ?"

ಮೃಣ್ಮಯಿ ನಕ್ಕಳು. ಆಮೇಲೆ ಮೆಲ್ಲಗೆ ಹೇಳಿದಳು: ಉಪ್ಪನ್ನು ಮೇಲೆ ತರುವ ನೀರು ಎಲ್ಲಿಂದ ಬರುತ್ತದೆ ಎಂದು ಗೊತ್ತಾಗದಿದ್ದರೆ ಎರಡೆಕರೆಯ ಉದ್ದಕ್ಕೂ ನೆಲದ ಕೆಳಗೆ ಬಸಿಗಾಲುವೆಯ ಪೈಪು ಹಾಸಬೇಕು, ಅಷ್ಟು ಖರ್ಚು ಯಾರ ಕೈಲೂ ಆಗದು. "ವಾರಕ್ಕೊಂದು ಅಳತಿ ಸಾಲಂಗಿಲ್ಲ ಅನಸ್ತೈತಿ. ನಂದ ತಪ್ಪು. ಸೋಮವಾರ ಅಷ್ಟ ಅಳೀರಿ ಅಂತ ನಾನ ಹೇಳಿದ್ದೆ."

ಭಾಗವ್ವ ಎದ್ದು ಒಳಗೆ ಹೋದಳು. ಒಂದೇ ಮೊಳೆಗೆ ಒಂದರ ಹಿಂದೊಂದು ತೂಗುಹಾಕಿದ್ದ ಮೂರು ಕ್ಯಾಲೆಂಡರು ತಂದು ಮುಂದಿಟ್ಟಳು. ಪ್ರತಿ ತಾರೀಖಿನ ಮನೆಯಲ್ಲೂ ಪೆನ್ಸಿಲ್ಲಿನ ಸಣ್ಣ ಅಂಕಿಗಳು, ಪೈಪಿಗೊಂದು.

"ದಿನಾ ಅಳದೀರಿ?"

"ದಿನಾ ಹುಲ್ಲಿಗೆ ಹೋಗತೇನ್ರಿ. ಬರಿಗೈಲೆ ಯಾಕ ನಿಲ್ಲಬೇಕಂತ ಅಳದೆ. ವಹಿಯೊಳಗ ಸೋಮವಾರದ್ದ ಅಷ್ಟ ಬರೀರಿ ಅಂದಿದ್ರಿ. ಅದಕ್ಕ ಇದನ್ನ ಇಲ್ಲಿ ಬರದೆ."

ಮೃಣ್ಮಯಿ ಕ್ಯಾಲೆಂಡರಿನ ಹಾಳೆ ತಿರುವಿದಳು. ಏಳನೆಯ ಪೈಪಿನ ಅಂಕಿಗಳ ಮೇಲೆ ಅವಳ ಬೆರಳು ಒಂದು ತಿಂಗಳಿಂದ ಇನ್ನೊಂದು ತಿಂಗಳಿಗೆ ಸರಿಯಿತು. ಮಳೆಗಾಲದಲ್ಲಿ ಗೊಂದಲವಿತ್ತು, ಉಳಿದ ತಿಂಗಳಲ್ಲಿ ಇಲ್ಲ. ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ತೋರಿಸುವ ಕರಿ ದುಂಡುಗಳ ಮುಂದೆ, ಮೂರನೆಯ ದಿನದ ಮನೆಯಲ್ಲಿ, ನೀರು ಏಳೆಂಟು ಇಂಚು ಮೇಲೆ ಬಂದಿರುತ್ತಿತ್ತು.

"ಅಮಾವಾಸ್ಯಾ ದಿವಸ ಇಲ್ಲಿ ಏನ ಮಾಡತೀರಿ?"

"ಏನ ಮಾಡತೇವ್ರಿ? ಎತ್ತ ಹೂಡಂಗಿಲ್ಲ. ಆಳ ಬರಂಗಿಲ್ಲ. ಗ್ಯಾಂಗಿನವರೂ ಕುಡಗೋಲ ಹಿಡಿಯಂಗಿಲ್ಲ. ಹೋಳಿಗಿ ಮಾಡಿ, ದೇವರಿಗೆ ಎಡಿ ಹಿಡದು..." ಭಾಗವ್ವ ಅಲ್ಲಿಗೇ ನಿಂತಳು. "ಮೋಟಾರ್ ಹಚ್ಚತಾರ್ರಿ. ಹೊಲಾ ಖಾಲಿ ಇರತೈತಲ್ಲ, ಕೆಸರಾದ್ರೂ ಯಾರೂ ಬಯ್ಯಂಗಿಲ್ಲ. ಆಟೋ ಸ್ಟಾರ್ಟರ್ ಹಾಕಿ ಮನಿಗೆ ಬಂದ ಬಿಡತಾರ. ಕರೆಂಟ್ ಇರೂತನಾ ನೀರ ಹೊಂಟಿದ್ದ ಹೊಂಟಿದ್ದು."

"ಯಾರು?"

ಭಾಗವ್ವ ದಾರಿಯ ಮೇಲ್ಬದಿಗೆ ಕೈ ತೋರಿಸಿದಳು. ಅಲ್ಲಿ ಹತ್ತು ವರ್ಷದಿಂದ ಮೋಟಾರಿನ ನೀರಿಗೆ ಬೆಳೆಯುತ್ತಿದ್ದ ಐದೆಕರೆ ಕಬ್ಬು ಶಿದ್ರಾಮಪ್ಪನದು.

"ಕರಿಮಣ್ಣಿನ್ಯಾಗ ನೀರು ಇಷ್ಟ ಲಗೂ ನಡಿಯಂಗಿಲ್ಲಕ್ಕಾ," ಎಂದಳು ಮೃಣ್ಮಯಿ. "ಮೂರ ದಿನದಾಗ ಬರಬೇಕಂದ್ರ ಕೆಳಗ ಉಸುಕಿನ ದಾರಿ ಇರಬೇಕು. ಅದೊಂದ ದಾರಿ ಕಡದ್ರ ಸಾಕು." ಅಲ್ಲೇ ಕುಳಿತು ಆ ದಾರಿಯನ್ನು ಲೆಕ್ಕಕ್ಕೆ ಹಾಕಿದಳು. ಚಹಾ ಎರಡು ಸಲ ಆರಿತು. ಕಡೆಗೆ ಪರದೆಯಲ್ಲಿ ಏಳನೆಯ ಪೈಪಿನ ಗೆರೆ ಕ್ಯಾಲೆಂಡರಿನ ಅಂಕಿಗಳ ಮೇಲೆಯೇ ಏರಿ ಇಳಿಯತೊಡಗಿತು.

ಆದರೆ ಕಡಿಯಬೇಕಾದ ಜಾಗ ಶಿದ್ರಾಮಪ್ಪನ ಕಬ್ಬಿನೊಳಗಿತ್ತು. ಎಪ್ಪತ್ತು ದಾಟಿದ ಆತ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಕೇಳಿದ.

"ನನ್ನ ನೀರು ನೆಲದಾಗ ಸುರಂಗ ಕೊರಕೊಂಡ ಬಂದ ನಿನ್ನ ಹೊಲಾ ಕೆಡಸೈತಿ? ಭಾಗವ್ವಾ, ಹಿಂಗ ಹೇಳಿದ್ರ ನಾಳೆ ನನ್ನ ಎಮ್ಮಿ ಕನಸಿನ್ಯಾಗ ಬಂದ ನಿನ್ನ ಬಣಿವಿ ಮೇದೈತಿ ಅಂತೀದಿ!"

ಕಟ್ಟೆಯವರೆಲ್ಲ ನಕ್ಕರು.

"ಕಾಕಾರ, ಈ ತಿಂಗಳ ಕಡೀಗೆ ಬರೂ ಅವರಾತ್ರಿ ಅಮಾಸಿಗೆ ಮೋಟಾರ್ ಬಂದ್ ಇಟ್ಟ ನೋಡ್ರಿ. ನೀರ ಏರಂಗಿಲ್ಲ."

"ಏರಿದ್ರ?"

"ಏರಿದ್ರ ನಿಮ್ಮ ಹೊಲದ ಸುದ್ದಿಗೆ ಬರಂಗಿಲ್ಲ."

ಮೃಣ್ಮಯಿ ಮೂರನೆಯ ದಿನಕ್ಕೆಂದು ಭಾಗವ್ವನಿಗೆ ಎರಡು ಅಂಕಿ ಬರೆದುಕೊಟ್ಟು ಹೋದಳು. ಮೋಟಾರು ಬಂದ್ ಇದ್ದರೆ ಮೂವತ್ತನಾಲ್ಕು. ಚಾಲೂ ಇದ್ದರೆ ಇಪ್ಪತ್ತಾರು.

ಅಮಾವಾಸ್ಯೆ ಬಂತು. ಶಿದ್ರಾಮಪ್ಪ ಹೋಳಿಗೆ ಉಂಡು ದಿನವಿಡೀ ಕಟ್ಟೆಯ ಮೇಲೆಯೇ ಇದ್ದ. ಮೋಟಾರು ಬಂದ್ ಮಾಡಿದ್ದೇನೆ ಎಂದು ಕೇಳಿದವರಿಗೆಲ್ಲ ಹೇಳಿದ. ಮೂರನೆಯ ದಿನ ಬೆಳಿಗ್ಗೆ ಭಾಗವ್ವ ಟೇಪು ಬಿಟ್ಟಳು. ಬಟ್ಟಲು ಬಹಳ ಬೇಗ 'ಡಬ್' ಎಂದಿತು. ಮೇಲೆತ್ತಿ ನೋಡಿದಳು. ಮತ್ತೊಮ್ಮೆ ಬಿಟ್ಟು ನೋಡಿದಳು.

"ಏರೈತಲ್ಲ?" ಲಗಮಪ್ಪ ಹಿಂದೆ ನಿಂತಿದ್ದ. ಅವನ ದನಿಯಲ್ಲಿ ಈ ಸಲ ಚೇಷ್ಟೆ ಇರಲಿಲ್ಲ. "ಹೋಗ್ಲಿ ಬಿಡು. ನೀ ಮಾಡೂದ ಮಾಡಿದಿ."

"ಎಷ್ಟಕ್ಕ ಏರೈತಿ ಕೇಳ್ರಿ," ಎಂದಳು ಭಾಗವ್ವ. "ಇಪ್ಪತ್ತಾರಕ್ಕ."

ಲಗಮಪ್ಪನಿಗೆ ತಿಳಿಯಲಿಲ್ಲ. ಅವಳು ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ಕಟ್ಟೆಗೆ ನಡೆದಳು. ಅಲ್ಲಿ ನಾಲ್ಕಾರು ಜನ ಕುಳಿತಿದ್ದರು.

"ಕಾಕಾರ, ಅಮಾಸಿ ದಿನ ಮೋಟಾರ್ ಎಷ್ಟ ತಾಸ ಚಾಲೂ ಇತ್ರಿ?"

ಶಿದ್ರಾಮಪ್ಪ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದ. ಅವಳ ಮುಖ ನೋಡಿದ. ಮೊದಲು ಹೊಟ್ಟೆ ಅಲುಗಿತು, ಆಮೇಲೆ ನಗು ಹೊರಗೆ ಬಂತು.

"ಏಳ ತಾಸ! ಕಳ್ಳನ್ನ ಹಿಡದ ಬಿಟ್ಟೆಲ್ಲಬೇ! ಬಂದ್ ಇಟ್ಟಿದ್ರ ನೀರ ಸುಮ್ನ ಇರತಿತ್ತು. ಸುಮ್ನಿದ್ದದ್ದರಿಂದ ನನಗೇನ ತಿಳೀತೈತಿ? ನಿಮ್ಮ ಬಾಯಾರ ಯಂತ್ರಕ್ಕ ಕಣ್ಣ ಅದಾವೋ ಇಲ್ಲೋ ನೋಡಬೇಕಿತ್ತು. ಅದಾವ."

ನಗು ಇಳಿದ ಮೇಲೆ ಆತ ಎಲೆ ಮಡಚಿ ಬಾಯಿಗಿಟ್ಟುಕೊಂಡ.

"ನನ್ನ ಹೊಲದಾಗ ಒಂದು ಹಳ್ಳ ಇತ್ತು," ಎಂದ. "ನಮ್ಮಪ್ಪ ಮುಚ್ಚಿಸಿ ಸಪಾಟ ಮಾಡಿಸಿದ. ನಾ ಸಣ್ಣಾಂವಿದ್ದೆ. ಅದರ ಉಸುಕಿನ್ಯಾಗ ಆಡೇನಿ. ಅದು ಇನ್ನೂ ಹರಿಯಾಕತ್ತೈತಿ ಅಂತ ಯಾರಿಗೆ ಗೊತ್ತು?"

"ಅಡ್ಡಲಾಗಿ ಒಂದ ಕಾಲುವಿ ತಗೀಬೇಕ್ರಿ. ನಿಮ್ಮ ನಾಕ ಸಾಲ ಕಬ್ಬ ಹೋಗತಾವ. ಅದಕ್ಕ ನಮ್ಮ ಹೊಲದಾಗ ಬೆಳಿ ಬಂದ ವರ್ಷ ಒಂದ ಚೀಲ ಬಿಳಿಜ್ವಾಳ ಕೊಡತೇನಿ."

"ಬೆಳಿ ಬಂದ ವರ್ಷ!" ಎಂದು ಯಾರೋ ನಕ್ಕರು. ಶಿದ್ರಾಮಪ್ಪ ನಗಲಿಲ್ಲ. "ಆತು," ಎಂದ.

ಮಾಘದಲ್ಲಿ ಜೆಸಿಬಿ ಬಂತು. ಮೃಣ್ಮಯಿ ಗೂಟ ಬಡಿದು ತೋರಿಸಿದಲ್ಲಿ ಡ್ರೈವರ್ ದುರಗೇಶ ಅಗೆಯತೊಡಗಿದ. ಆರಡಿಯವರೆಗೆ ಬರೀ ಕರಿಮಣ್ಣು. ಏಳಡಿಗೂ ಅದೇ. ನೋಡಲು ಬಂದವರು ಒಬ್ಬೊಬ್ಬರೇ ಮನೆಯ ಕಡೆ ಹೊರಳಿದರು. ಎಂಟನೆಯ ಅಡಿಗೆ ಬಕೆಟ್ಟಿನ ಹಲ್ಲು ಕರ್ರೆಂದಿತು. ಮೇಲೆ ಬಂದದ್ದು ಬೆಳ್ಳನೆಯ ಉಸುಕು ಮತ್ತು ಹೊಳೆಯ ದುಂಡು ಹರಳು. ಅದರ ಬೆನ್ನಿಗೆ ನೀರು ಬುಗ್ಗೆಂದು ಎದ್ದು ತೋಡಿನ ತುಂಬ ಹರಿಯಿತು.

"ಲೇ, ಬಂತಲೇ!" ದುರಗೇಶ ಸೀಟಿನ ಮೇಲೆಯೇ ಎದ್ದು ನಿಂತ.

ಹೊರಳಿ ಹೋದವರೆಲ್ಲ ಓಡಿ ಬಂದರು. ಶಿದ್ರಾಮಪ್ಪ ಧೋತರ ಎತ್ತಿಕೊಂಡು ಅಂಚಿಗೆ ಬಂದು ಒಂದು ಹಿಡಿ ಉಸುಕು ತೆಗೆದು ನೋಡಿದ. ಮೃಣ್ಮಯಿ ಮೊಣಕಾಲವರೆಗಿನ ಕೆಸರಿನಲ್ಲಿ ನಿಂತು ಎರಡೂ ಕೈ ಮೇಲೆತ್ತಿ ತನ್ನ ಮನೆಮಾತು ಮರಾಠಿಯಲ್ಲಿ ಏನೇನೋ ಕೂಗಿದಳು. ಭಾಗವ್ವ ಮಾತ್ರ ಏಳನೆಯ ಪೈಪಿನ ಹತ್ತಿರ ಟೇಪು ಹಿಡಿದು ಕುಳಿತಿದ್ದಳು.

ಸಂಜೆಗೆ ನೀರು ಮೂವತ್ತೇಳಕ್ಕೆ ಇಳಿಯಿತು. ತೂತಿನ ಪೈಪು ಹಾಸಿ, ಕಲ್ಲು ತುಂಬಿ, ನೀರನ್ನು ಊರ ಮುಂದಿನ ದೊಡ್ಡ ಹಳ್ಳಕ್ಕೆ ಬಿಟ್ಟರು. ವಾರಕ್ಕೆ ನಲವತ್ತೊಂಬತ್ತು. ಹೋಳಿಯ ಹೊತ್ತಿಗೆ ಅರವತ್ತೆಂಟು. ಆಗ ಲಗಮಪ್ಪನೇ ಬೆಳಿಗ್ಗೆದ್ದು, ಹೆಂಡತಿ ಕಾಣದ ಹಾಗೆ, ಟೇಪು ಬಿಟ್ಟು ನೋಡತೊಡಗಿದ್ದ. ಯುಗಾದಿಯ ಮರುದಿನ ಭಟ್ಟಿಯವನ ಟ್ರ್ಯಾಕ್ಟರು ಬಂದಾಗ ಬದುವಿನ ಮೇಲೆ ಅಡ್ಡ ನಿಂತವನೂ ಅವನೇ. "ಮಾತ ಕೊಟ್ಟಿದ್ದೆ, ಖರೆ. ನಾ ಕೊಟ್ಟದ್ದು ಸತ್ತ ಮಣ್ಣಿಂದು. ಇದು ಜೀವಂತ ಐತಿ."

ಮುಂಗಾರಿನಲ್ಲಿ ಬದುವು ಎತ್ತರಿಸಿ ಮಳೆನೀರು ನಿಲ್ಲಿಸಿದರು. ಉಪ್ಪು ಕರಗಿ ಕೆಳಗಿಳಿದು ಕಾಲುವೆ ಸೇರಿತು. ಹಿಂಗಾರಿಗೆ ಜೋಳ ಬಿತ್ತಿದರು. ಕೆಳಗಿನ ಮೂಲೆಯಲ್ಲಿ ಇನ್ನೂ ಬೆಳ್ಳನೆಯ ಪಟ್ಟಿ ಉಳಿದಿತ್ತು, ಅಲ್ಲಿ ಏನೂ ಏಳಲಿಲ್ಲ. ಉಳಿದೆಡೆ ತೆನೆ ತೂಗಿದವು. ರಾಶಿ ಮಾಡಿದಾಗ ಆರು ಚೀಲ.

ಮೊದಲ ಚೀಲವನ್ನು ಲಗಮಪ್ಪ ಬೈಕಿನ ಮೇಲಿಟ್ಟುಕೊಂಡು ಶಿದ್ರಾಮಪ್ಪನ ಮನೆಗೆ ಹೊರಟ. ಭಾಗವ್ವ ಹಿಂದೆ ನಡೆದು ಬಂದಳು. ಶಿದ್ರಾಮಪ್ಪ ಕಟ್ಟೆಯಿಂದ ಇಳಿದು ಎರಡೂ ಕೈ ಅಡ್ಡ ಹಿಡಿದ.

"ಬ್ಯಾಡಬೇ, ಒಯ್ಯಿ. ಒಂಬತ್ತ ವರ್ಷ ನನ್ನ ನೀರ ನಿನ್ನ ಬೆಳಿ ತಿಂದೈತಿ. ನಾಕ ಸಾಲ ಕಬ್ಬಿಗೆ ನಾ ಯಾ ಬಾಯಿಲೆ ಜ್ವಾಳ ಇಸಗೊಳ್ಳಲಿ? ನನ್ನ ಬಾಕಿನ ದೊಡ್ಡದೈತಿ."

"ಇರಬೋದ್ರಿ ಕಾಕಾರ." ಭಾಗವ್ವ ಚೀಲವನ್ನು ಅವನ ಪಡಸಾಲೆಯ ಒಳಕ್ಕೆ ಎಳೆದು ಗೋಡೆಗೆ ಆನಿಸಿ ನಿಲ್ಲಿಸಿದಳು. "ಅದು ನಿಮ್ಮ ಬಾಕಿ. ನೀವ ತೀರಸ್ರಿ, ಬಿಡ್ರಿ. ನಂದು ಇಲ್ಲಿಗೆ ಮುಟ್ಟಿತು."

ಕೈಗೆ ಹತ್ತಿದ ಧೂಳು ಜಾಡಿಸಿ ಅವಳು ಹೊರಗೆ ಬಂದಳು.