ಗೆರೆಯಾಚೆಯ ತ್ರಿಪ್ಲಿಕೇನ್

ಇದು ಕಟ್ಟುಕತೆಯಲ್ಲ, ಬೇಕಾದರೆ ಆಣೆ ಇಡ್ತೀನಿ.

೨೦೦೯ರ ಒಂದು ಮಧ್ಯಾಹ್ನ. ಸಮುದ್ರದ ಗಾಳಿಗೆ ಕಣ್ಣು ಎಳೆಯುತ್ತಿತ್ತು. ಮಹಡಿಯ ಕೋಣೆಯಲ್ಲಿ ಕೂತು ನಮ್ಮ ಕನ್ನಡ ಕೂಟದ ವೆಬ್‌ಸೈಟನ್ನು ಹಲವು ಸೈಟುಗಳ ಜಾಲವಾಗಿ ಬದಲಿಸುತ್ತಿದ್ದೆ. ವಿಳಾಸ ಒಂದೇ, ಅದರ ಕೊನೆಗೊಂದು ಓರೆಗೆರೆ, ಗೆರೆಯಾಚೆ ಬಡಾವಣೆಯ ಹೆಸರು. ಟಿ. ನಗರ, ನುಂಗಂಬಾಕ್ಕಂ, ತ್ರಿಪ್ಲಿಕೇನ್ ಎಂದು ಟೈಪಿಸಿದಂತೆಲ್ಲ ಒಂದೊಂದು ಪುಟ್ಟ ಊರು ಪರದೆಯೊಳಗೆ ತೇಲಿಬಂದು ನಿಲ್ಲುತ್ತಿತ್ತು.

ನನ್ನ ನಾಲಿಗೆ ಸುಮ್ಮನಿರಬೇಕಲ್ಲ! ಆರು ವರ್ಷದಿಂದ ಸೈಟಿನಲ್ಲಿ ತ್ರಿಪ್ಲಿಕೇನ್ ನೆನಪುಗಳನ್ನು ಬರೆಯುತ್ತಿದ್ದ ವಿಶ್ವನಾಥ ಮಾಮನಿಗೆ ಫೋನ್ ಮಾಡಿದೆ. ಕೂಟದ ಅಧ್ಯಕ್ಷ ರೇವಣಸಿದ್ದಪ್ಪನವರ ಧಾರವಾಡದ ಗಡಸು ದನಿಯನ್ನು ಅಣಕಿಸಿ, "ನಿಮ್ಮ ಪುಟ ಅಳಿಸಿ ಹಾಕೀವ್ರೀ" ಅಂದೆ.

ಆ ಕಡೆಯಿಂದ ಮಾಮನ ಸಣ್ಣ ದನಿ: "ನನ್ನ ಹತ್ರ ಬೇರೆ ಪ್ರತಿ ಇಲ್ವಲ್ಲ ಸಾರ್."

ಪಾಪ ಅನ್ನಿಸಿ, ನಿಜ ಹೇಳುವ ಮುನ್ನ ಒಮ್ಮೆ ನೋಡೋಣವೆಂದು ಪುಟ ತೆರೆದೆ. ನಿಜಕ್ಕೂ ಇರಲಿಲ್ಲ! ಮಾಮನ ಪುಟಕ್ಕೂ ನನ್ನ ಹೊಸ ಸೈಟಿಗೂ ಒಂದೇ ವಿಳಾಸ ಕೊಟ್ಟುಬಿಟ್ಟಿದ್ದೆ. ಹೊಸದು ಖಾಲಿ ಮುಖ ಹೊತ್ತು ಹಳೆಯದಕ್ಕೆ ಅಡ್ಡ ನಿಂತಿತ್ತು.

"ಮಾಮಾ, ಅಧ್ಯಕ್ಷರಲ್ಲ, ನಾನು ನಿಮ್ಮ ಸಾಯಿ. ತಮಾಷೆ ಮಾಡಕ್ಕೆ ಹೋದೆ, ಈಗ ನಿಜವಾಗ್ಲೂ ಕಾಣಿಸ್ತಿಲ್ಲ!"

ಹೊಸ ಸೈಟಿನ ವಿಳಾಸ ಬದಲಿಸಿದೆ. ಮಂಜು ಸರಿದಂತೆ ಮಾಮನ ತ್ರಿಪ್ಲಿಕೇನ್ ಮೂಡಿಬಂತು: ಮೆಸ್ಸಿನ ಬಾಳೆಲೆ, ಲಾಡ್ಜಿನ ಕಿಟಕಿ, ಮರೀನಾದ ಕಡೆಗೆ ಹೊರಟ ಸಂಜೆಗಳು.

"ಬಂತು ಮಾಮಾ, ಎಲ್ಲಾ ಇದೆ!"

"ನಿನ್ನನ್ನ ಯಾರು ನಂಬ್ತಾರೋ? ಅಧ್ಯಕ್ಷರ ದನೀಲಿ ಹೇಳು!"

ಹೇಳಿದೆ. ಮಾಮ ನಕ್ಕ ಅಬ್ಬರಕ್ಕೆ ಫೋನನ್ನು ಕಿವಿಯಿಂದ ಮಾರು ದೂರ ಹಿಡಿಯಬೇಕಾಯಿತು.